ಮಗು ಚೇತರಿಸಿದ ಮನೆಯಲ್ಲಿ ಹಬ್ಬ

(ಕೋಥರೂಡದಲ್ಲಿ ಕ್ರಿಸ್‌ಮಸ್ಸಿನ ಹಿಂದಿನ ಭಾನುವಾರ ಸೇರಿದ ಶ್ರಮಜೀವಿ ಕುಟುಂಬಗಳ ಸಭೆಯಲ್ಲಿ ಹೋಟೆಲು ಕೆಲಸಗಾರರೊಬ್ಬರು ಮಾಡಿದ ಭಾಷಣ)



ನನಗೆ ಭಾಷಣ ಮಾಡಿ ರೂಢಿಯಿಲ್ಲ. ಉಡುಪಿಯ ಕಡೆಯಿಂದ ಬಂದು ಪುಣೆಯ ಹೋಟೆಲುಗಳಲ್ಲಿ ದೋಸೆ ಕಾವಲಿಯ ಮುಂದೆ ನಿಂತೇ ನನ್ನ ಆಯುಷ್ಯದ ಹೆಚ್ಚಿನ ಪಾಲು ಕಳೆದಿದೆ. ನಮ್ಮ ಕಾರ್ಯದರ್ಶಿಗಳು ಮನೆಗೆ ಬಂದು, "ನಿಮ್ಮ ಮಗಳು ದೊಡ್ಡ ಕಾಯಿಲೆಯಿಂದ ಪಾರಾದಳು. ಆಮೇಲೆ ನಿಮ್ಮ ಮನೆಯಲ್ಲಿ ಹಬ್ಬ ಹೇಗೆ ನಡೆಯಿತು, ಅದನ್ನೇ ನಾಲ್ಕು ಮಾತಿನಲ್ಲಿ ಹೇಳಿ" ಎಂದರು. ಇದೇನು ಹೇಳುವಂಥ ವಿಷಯವೆ ಎಂದು ಮೊದಲು ಅನಿಸಿತು. ಆಮೇಲೆ ಯೋಚಿಸಿದೆ. ಇಲ್ಲಿ ಕುಳಿತವರಲ್ಲಿ ಎಷ್ಟು ಮನೆಗಳಲ್ಲಿ ಮಗು ಆಸ್ಪತ್ರೆಯ ಮೆಟ್ಟಲು ಹತ್ತಿಲ್ಲ? ಎಷ್ಟು ಮಂದಿ ತಾಯಂದಿರು ಹರಕೆ ಹೊತ್ತಿಲ್ಲ? ಹೇಳಬೇಕಾದ ಮಾತು ಇದೆ ಎಂದು ತೋರಿ ಒಪ್ಪಿಕೊಂಡೆ.

ನನ್ನ ಮಾತು ಇಷ್ಟೇ. ಮಗು ಚೇತರಿಸಿದಾಗ ಹಬ್ಬ ಮಾಡಿರಿ, ಖಂಡಿತ ಮಾಡಿರಿ. ಆದರೆ ಆ ಹಬ್ಬವನ್ನು ಚಿಕಿತ್ಸೆಯ ಮುಕ್ತಾಯವೆಂದು ತಿಳಿಯಬೇಡಿರಿ. ಈ ಎರಡನ್ನೂ ಒಟ್ಟಿಗೆ ನಡೆಸುವುದು ಹೇಗೆಂಬುದನ್ನೇ ಈಗ ಹೇಳುತ್ತೇನೆ.

ಮಗುವಿನ ಒಂದೊಂದು ಹೆಜ್ಜೆಗೂ ಒಂದೊಂದು ಹಬ್ಬ ಮಾಡುವುದು ನಮ್ಮ ನಾಡಿನ ರೀತಿ. ತೊಟ್ಟಿಲು, ನಾಮಕರಣ, ಮೊದಲ ಅನ್ನ, ಜಾವಳ, ಅಕ್ಷರಾಭ್ಯಾಸ ಎಂದು ವರ್ಷವೆಲ್ಲ ಏನಾದರೊಂದು ನೆವ ಇದ್ದೇ ಇರುತ್ತದೆ. ನಮ್ಮ ಕ್ರೈಸ್ತರ ಮನೆಗಳಲ್ಲಿ ದೀಕ್ಷಾಸ್ನಾನವಿದೆ. ಕಾಯಿಲೆ ಬಿದ್ದ ಮಗು ಎದ್ದರಂತೂ ಕೃತಜ್ಞತೆಗೆ ಜಾತಿಮತಗಳ ಬೇಲಿಯೇ ಉಳಿಯುವುದಿಲ್ಲ. ಉಡುಪಿಯ ಕೃಷ್ಣನ ಸನ್ನಿಧಿಯಲ್ಲಿ ತುಲಾಭಾರ ಮಾಡಿಸುವವರಿದ್ದಾರೆ. ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಮುಂದೆ ಮೇಣದಬತ್ತಿ ಹಚ್ಚುವವರಲ್ಲಿ ಹಿಂದೂಗಳೂ ಬಹಳ ಮಂದಿ. ಕಲಬುರ್ಗಿಯ ಬಂದೇನವಾಜರ ದರ್ಗಾದಲ್ಲಿ ಎಲ್ಲ ಮತದ ತಾಯಂದಿರೂ ಸೆರಗೊಡ್ಡುತ್ತಾರೆ. ಭಯವನ್ನು ಒಬ್ಬೊಬ್ಬರೇ ಹೊತ್ತುಕೊಂಡಿದ್ದರೂ ಸಂತೋಷವನ್ನು ನಾಲ್ಕು ಜನರ ಎದುರಿಗೆ ಇಳಿಸಿಡಬೇಕೆಂಬ ಆಸೆ ಮನುಷ್ಯಮಾತ್ರದವರಿಗೆಲ್ಲ ಸಹಜವಾದುದು. ಅದನ್ನು ಮೂಢತನವೆಂದು ನಗುವವರು ನಗಲಿ, ನಾನು ನಗಲಾರೆ.

ಕ್ರಿಸ್‌ಮಸ್ಸಿಗೂ ಕಾಯಿಲೆಯ ಮಕ್ಕಳಿಗೂ ಇರುವ ನಂಟು ಹಳೆಯದು. ಆ ನಂಟು ಕಟ್ಟಿದವನು ನಮ್ಮಂಥ ಒಬ್ಬ ನೌಕರನೇ ಎಂಬುದು ನಿಮಗೆ ತಿಳಿದಿರಲಿ. ಡೆನ್ಮಾರ್ಕ್ ದೇಶದ ಅಂಚೆ ಕಛೇರಿಯಲ್ಲಿ ಐನಾರ್ ಹೋಲ್‌ಬೋಲ್ ಎಂಬ ಗುಮಾಸ್ತನಿದ್ದ. ಡಿಸೆಂಬರದಲ್ಲಿ ಹಬ್ಬದ ಶುಭಾಶಯದ ಕಾಗದಗಳ ರಾಶಿ ಬಂದು ಬೀಳುತ್ತಿತ್ತು. ಒಂದೊಂದು ಕಾಗದದ ಮೇಲೂ ಜನರು ಚಿಕ್ಕದೊಂದು ಹೆಚ್ಚಿನ ಚೀಟಿ ಅಂಟಿಸಿದರೆ ಆ ದುಡ್ಡಿನಿಂದ ಕ್ಷಯ ಹಿಡಿದ ಮಕ್ಕಳಿಗೆ ಆಸ್ಪತ್ರೆ ಕಟ್ಟಬಹುದಲ್ಲ ಎಂದು ಅವನಿಗೆ ಹೊಳೆಯಿತು. 1904ರ ಕ್ರಿಸ್‌ಮಸ್ಸಿಗೆ ಮೊದಲ ಚೀಟಿ ಹೊರಟಿತು. ಆ ಒಂದೇ ಹಬ್ಬದಲ್ಲಿ ನಾಲ್ವತ್ತು ಲಕ್ಷಕ್ಕೂ ಹೆಚ್ಚು ಚೀಟಿಗಳು ಮಾರಿದವು. ಈ ಪದ್ಧತಿ ದೇಶದೇಶಗಳಿಗೆ ಹಬ್ಬಿ, 1950ರಲ್ಲಿ ನಮ್ಮ ದೇಶದಲ್ಲಿಯೂ ಕ್ಷಯನಿವಾರಣೆಯ ಚೀಟಿಗಳ ಮಾರಾಟ ಶುರುವಾಯಿತು. ಒಬ್ಬ ಗುಮಾಸ್ತನ ತಲೆಯಲ್ಲಿ ಹುಟ್ಟಿದ ವಿಚಾರ ಎಷ್ಟು ಮಕ್ಕಳ ಉಸಿರು ಉಳಿಸಿತು ನೋಡಿರಿ!

ಇನ್ನು ನಮ್ಮ ಮನೆಯ ವಿಷಯ. 2021ರ ಮಳೆಗಾಲದಲ್ಲಿ ನನ್ನ ಮಗಳಿಗೆ ಆರು ವರ್ಷ. ಜ್ವರ ಬರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ಮೈ ಬಿಳಿಚಿಕೊಂಡಿತು. ಬಿದ್ದು ಪೆಟ್ಟಾಗದಿದ್ದರೂ ಕಾಲಿನ ಮೇಲೆ ನೀಲಿ ಕಲೆಗಳು ಎದ್ದವು. ರಾತ್ರಿ ಎಲುಬು ನೋಯುತ್ತದೆಂದು ಅಳುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದಾಗ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ ಎಂದು ಡಾಕ್ಟರರು ಹೇಳಿದರು. ಇದನ್ನು ನಾನು ಬಿಡಿಸಿ ಹೇಳುವ ಕಾರಣವುಂಟು. ನಿಮ್ಮ ಮನೆಯಲ್ಲಿ ಇಂಥ ಲಕ್ಷಣಗಳು ಒಟ್ಟಾಗಿ ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ರಕ್ತ ಪರೀಕ್ಷೆ ಮಾಡಿಸಿರಿ. ಹೆಚ್ಚಿನ ಸಲ ಅದು ಸಾದಾ ಕಾಯಿಲೆಯೇ ಆಗಿರುತ್ತದೆ. ಆಗಿರದಿದ್ದರೆ, ಬೇಗ ತಿಳಿದಷ್ಟೂ ಲಾಭ.

ಆಸ್ಪತ್ರೆ ಸೇರಿದ ಮೇಲೆ ಒಂದು ತಿಂಗಳು ಜೋರಾದ ಮದ್ದು ನಡೆಯಿತು. ಆ ಮದ್ದಿನಲ್ಲಿ ಒಂದು ಜಾತಿ ಹಸಿವೆ ಹೆಚ್ಚಿಸುವಂಥದು. ಮುಖ ಹುಣ್ಣಿಮೆಯ ಚಂದ್ರನಂತೆ ಊದಿಕೊಳ್ಳುತ್ತದೆ, ನಡುರಾತ್ರಿ ಎದ್ದು ಮಗು ತಿನ್ನಲಿಕ್ಕೆ ಕೇಳುತ್ತದೆ. ಊರಿಗೆಲ್ಲ ದೋಸೆ ಹಾಕಿದವನ ಮಗಳು ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಮಂಚದ ಮೇಲೆ ಕುಳಿತು "ಪಪ್ಪಾ, ತುಪ್ಪದ ದೋಸೆ" ಎಂದರೆ ನಾನು ಎಲ್ಲಿಂದ ತರಲಿ? ಬೆಳಗಾಗುವುದನ್ನೇ ಕಾದು ಹೋಟೆಲಿಗೆ ಓಡುತ್ತಿದ್ದೆ. ಹೀಗೆ ತಿಂಗಳು ಕಳೆಯಿತು. ಮತ್ತೆ ಪರೀಕ್ಷೆ ಮಾಡಿ, ರೋಗದ ಕಣಗಳು ಕಾಣುವುದಿಲ್ಲ ಎಂದು ಹೇಳಿದರು.

ಬಂಧುಗಳೇ, ಅಪಾಯ ಇರುವುದು ಇಲ್ಲಿಯೇ. "ಕಾಣುವುದಿಲ್ಲ" ಎಂದರೆ "ಹೋಯಿತು" ಎಂದೇ ನಮ್ಮ ಕಿವಿಗೆ ಬೀಳುತ್ತದೆ. ಅತ್ತೆಯವರು ಊರಿನಿಂದ ಫೋನು ಮಾಡಿ, "ದೇವರು ಕಣ್ಣು ಬಿಟ್ಟ. ಮಗುವನ್ನು ಕರಕೊಂಡು ಬನ್ನಿ. ಊರಿಗೆಲ್ಲ ಊಟ ಹಾಕೋಣ. ಇನ್ನು ಆ ಮಗುವಿಗೆ ಸೂಜಿ ಚುಚ್ಚಿಸುವುದು ಸಾಕು" ಎಂದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ವಾರ್ಡಿನ ಹಿರಿಯ ದಾದಿ, ಮರಾಠಿ ಹೆಂಗಸು, ನಮ್ಮನ್ನು ಬದಿಗೆ ಕರೆದು ತಿಳಿಸಿದಳು: "ಅಂಗಡಿಯ ಮುಂದಿನ ಕಸ ಗುಡಿಸಿದ್ದಾಯಿತು, ಒಳಗಿನದು ಇನ್ನೂ ಇದೆ. ಎರಡು ಎರಡೂವರೆ ವರ್ಷ ಔಷಧ ನಡೆಯಲೇಬೇಕು. ಮಗು ಆಡಿಕೊಂಡಿದೆ ಎಂದು ಊರಿಗೆ ಹೋದವರನ್ನು ನಾನು ಎಷ್ಟೋ ನೋಡಿದ್ದೇನೆ. ಅವರು ತಿರುಗಿ ಬರುವಾಗ ರೋಗವೂ ತಿರುಗಿ ಬಂದಿರುತ್ತದೆ."

ಈ ಮಾತಿನ ಹಿಂದೆ ಇತಿಹಾಸವೇ ಇದೆ. ಅದನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನಮ್ಮ ದೇಶದ ಒಬ್ಬ ದೊಡ್ಡ ಮನುಷ್ಯನೂ ಇದ್ದಾನೆ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಪ್ರಗಡ ಸುಬ್ಬರಾವ್ ವೈದ್ಯ ಕಲಿತು ಅಮೆರಿಕಕ್ಕೆ ಹೋದರು. ಕೈಯಲ್ಲಿ ಕಾಸಿರಲಿಲ್ಲ. ಹೊಟ್ಟೆಪಾಡಿಗೆ ಬೋಸ್ಟನ್ನಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೂಲಿಯಾಗಿ, ರೋಗಿಗಳ ಹಾಸಿಗೆ ಬದಲಿಸಿ ಪಾತ್ರೆ ತೊಳೆದರು. ಮುಂದೆ ಅವರೇ ಲೆಡರ್ಲಿ ಎಂಬ ಔಷಧದ ಕಂಪೆನಿಯಲ್ಲಿ ಸಂಶೋಧಕರ ಮುಖ್ಯಸ್ಥರಾದರು. ಅವರ ತಂಡ ಸಿದ್ಧಪಡಿಸಿದ ಅಮಿನಾಪ್ಟೆರಿನ್ ಎಂಬ ಮದ್ದನ್ನು ಬೋಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು ನೋಡಿದರು. 1947ರ ಡಿಸೆಂಬರ್ 28, ಕ್ರಿಸ್‌ಮಸ್ ಮುಗಿದು ಮೂರನೆಯ ದಿನ, ಎರಡು ವರ್ಷದ ಒಬ್ಬ ಹುಡುಗನಿಗೆ ಆ ಮದ್ದು ಶುರುವಾಯಿತು. ಸಾಯುವ ಸ್ಥಿತಿಯಲ್ಲಿದ್ದ ಹುಡುಗ ಎದ್ದು ನಡೆದಾಡಿದ, ತನ್ನ ಅವಳಿ ಸೋದರನ ಜೊತೆಗೆ ಆಡಿದ. ಆ ಮನೆಯವರು ಎಷ್ಟು ಹಿಗ್ಗಿರಬೇಕು, ಯೋಚಿಸಿರಿ. ಆದರೆ ಕೆಲವೇ ತಿಂಗಳಲ್ಲಿ ರೋಗ ಮರುಕಳಿಸಿತು. ಹುಡುಗ ಉಳಿಯಲಿಲ್ಲ. 1948ರಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳಿಗೆ ಗುಣ ಕಂಡಿತ್ತು. ಎಲ್ಲವೂ ತಾತ್ಕಾಲಿಕ ಗುಣ. ಸುಬ್ಬರಾಯರು ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು.

ಒಂದು ಮದ್ದು, ಸ್ವಲ್ಪ ಕಾಲ ಎಂದರೆ ಸಾಲದು, ಹಲವು ಮದ್ದುಗಳನ್ನು ಕೂಡಿಸಿ ಬಹುಕಾಲ ಕೊಡಬೇಕೆಂಬುದನ್ನು ವೈದ್ಯರು ಆ ಮಕ್ಕಳ ಸಾವಿನಿಂದ ಕಲಿತರು. 1962ರಿಂದ ಅಮೆರಿಕದ ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡಾಕ್ಟರ್ ಡೊನಾಲ್ಡ್ ಪಿಂಕೆಲ್ ಹೀಗೆ ಚಿಕಿತ್ಸೆ ನಡೆಸಿದರು. 1970ರ ಸುಮಾರಿಗೆ ಅರ್ಧದಷ್ಟು ಮಕ್ಕಳು ನಿಜವಾಗಿ ಗುಣವಾಗತೊಡಗಿದರು. 1980ರ ದಶಕದಲ್ಲಿ ನಮ್ಮಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆ, ದಿಲ್ಲಿಯ ಏಮ್ಸ್, ಮದರಾಸಿನ ಅಡಯಾರ್ ಕ್ಯಾನ್ಸರ್ ಸಂಸ್ಥೆ, ಈ ಮೂರೂ ಸೇರಿ ನಮ್ಮ ಮಕ್ಕಳಿಗೆ ತಾಳುವಂಥ ಒಂದೇ ಕ್ರಮವನ್ನು ಹಾಕಿಕೊಟ್ಟವು. ಇಂದು ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆಯ ಹತ್ತು ಮಕ್ಕಳಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಬದುಕುತ್ತಾರೆ. ನಮ್ಮ ದೇಶದಲ್ಲಿ ಅಷ್ಟು ಬದುಕದಿರುವುದಕ್ಕೆ ಇರುವ ಕಾರಣಗಳಲ್ಲಿ ಒಂದು, ಅರ್ಧದಲ್ಲಿಯೇ ಚಿಕಿತ್ಸೆ ಬಿಡುವುದು. ಬಿಡುವವರು ಕಲ್ಲೆದೆಯವರಲ್ಲ. ಪಗಾರ ನಿಂತಿದೆ, ಸಾಲ ಬೆಳೆದಿದೆ, ಮಗು ಚೆನ್ನಾಗಿ ಆಡುತ್ತಿದೆ, ಇನ್ನೇಕೆ ಎಂದು ಬಿಡುತ್ತಾರೆ.

ಆದುದರಿಂದ ಊರಿನ ದೊಡ್ಡ ಊಟ ಬೇಡ, ಮದ್ದಿನ ದಿನಚರಿಯೊಳಗೇ ಹಬ್ಬ ಕೂಡಿಸೋಣ ಎಂದು ನಮ್ಮ ಮನೆಯಲ್ಲಿ ನಿಶ್ಚಯ ಮಾಡಿದೆವು. ಹೀಗೆ ಮೂರು ಕ್ರಿಸ್‌ಮಸ್ ಕಳೆದವು.

2021ರ ಕ್ರಿಸ್‌ಮಸ್ ಬಂದಾಗ ಮಗಳ ತಲೆಯಲ್ಲಿ ಕೂದಲಿರಲಿಲ್ಲ. ರಕ್ತದ ಬಿಳಿಕಣ ಕಡಮೆ, ಜನರನ್ನು ಸೇರಿಸಬಾರದು ಎಂದಿದ್ದರು. ನಮ್ಮದು ಒಂದೇ ಖೋಲಿ. ಪಕ್ಕದ ಮನೆಯ ಮರಾಠಿ ತಾಯಿ ದೀಪಾವಳಿಯ ಆಕಾಶಕಂದೀಲನ್ನು ಇಳಿಸಿ ಒಳಗಿಡುವ ಬದಲು ನಮ್ಮ ಬಾಗಿಲಿಗೆ ತಂದು ಕಟ್ಟಿ, "ಇದೇ ನಿಮ್ಮ ನಕ್ಷತ್ರ" ಎಂದಳು. ಗೋದಲಿ ಕಟ್ಟಬೇಕಲ್ಲ! ನಮ್ಮೂರಲ್ಲಿ ಗೋದಲಿಯ ಹುಲ್ಲುಗಾವಲಿಗೆಂದು ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿಯನ್ನೋ ಭತ್ತವನ್ನೋ ಮೊಳಕೆ ಬರಿಸುತ್ತಾರೆ. ಆದರೆ ಕಾಯಿಲೆಯ ಮಗು ಮಣ್ಣು ಮುಟ್ಟಬಾರದು. ಆ ಕೆಲಸವನ್ನು ಅವಳ ಅಣ್ಣನಿಗೆ ಕೊಟ್ಟೆವು. ಅವನು ಆಗ ಹತ್ತು ವರ್ಷದವನು. ಆರು ತಿಂಗಳಿಂದ ಆ ಹುಡುಗನನ್ನು ಊಟ ಮಾಡಿದೆಯಾ ಎಂದು ಕೇಳುವವರೂ ಕಡಮೆಯಾಗಿದ್ದರು. ಕಾಯಿಲೆಯ ಮಗುವಿನ ಮನೆಯಲ್ಲಿ ಕಾಯಿಲೆಯಿಲ್ಲದ ಮಗುವೂ ಒಂದು ಬಗೆಯಲ್ಲಿ ಬಳಲುತ್ತದೆ. ಅವನು ಹೊರಗಿನ ಜಗಲಿಯಲ್ಲಿ ತಟ್ಟೆ ಇಟ್ಟು ದಿನಾ ನೀರು ಹಾಕಿ, ಒಂದೊಂದು ಬೆರಳು ಬೆಳೆದ ರಾಗಿಯ ಪೈರನ್ನು ಕಿಟಕಿಯಿಂದ ತಂಗಿಗೆ ತೋರಿಸುತ್ತಿದ್ದ. ಹಬ್ಬದಲ್ಲಿ ಅವನಿಗೂ ಒಂದು ಪಾಲು ಸಿಕ್ಕಿತು.

2022ರಲ್ಲಿ ಕೂದಲು ಬಂದಿತ್ತು, ಶಾಲೆಗೂ ಹೋಗಲಾರಂಭಿಸಿದ್ದಳು. ದಿನಕ್ಕೊಂದು ಗುಳಿಗೆ, ವಾರಕ್ಕೊಮ್ಮೆ ಬೇರೆ ಗುಳಿಗೆ. ಈ ಸಲ ಎಲ್ಲರನ್ನೂ ಕರೆಯೋಣವೆಂದು ನೆವ್ರಿ, ಗುಳಿಯೊ, ಕಿಡಿಯೊ, ಚಕ್ಕುಲಿ ಎಲ್ಲ ಕರಿದಿಟ್ಟಿದ್ದೆವು. ಡಿಸೆಂಬರ್ 24ರ ಸಂಜೆ ಮಗುವಿನ ಮೈ ಬಿಸಿಯಾಯಿತು. ಮದ್ದು ನಡೆಯುತ್ತಿರುವ ಮಗುವಿಗೆ ಜ್ವರ ಬಂದರೆ ಬೆಳಗಿನ ತನಕ ಕಾಯುವ ಹಾಗಿಲ್ಲ. ಹಬ್ಬದ ರಾತ್ರಿಯಾಗಲಿ, ಲಗ್ನದ ಮುಹೂರ್ತವಾಗಲಿ, ಕೂಡಲೆ ಆಸ್ಪತ್ರೆಗೆ ಹೋಗಲೇಬೇಕು. ಈ ಒಂದು ಮಾತನ್ನಾದರೂ ನೀವು ಮನೆಗೆ ಒಯ್ಯಿರಿ. ರಿಕ್ಷಾ ಹಿಡಿದು ಹೋದೆವು. ಕ್ರಿಸ್‌ಮಸ್ ದಿನವೆಲ್ಲ ಸಲೈನಿನ ಕೆಳಗೆ ಕಳೆಯಿತು. ಮಗಳಿಗೆ ಜ್ವರಕ್ಕಿಂತ ಹಬ್ಬ ತಪ್ಪಿದ ದುಃಖವೇ ದೊಡ್ಡದು. ಆಗ ಅವಳ ತಾಯಿ, "ಮೂಡಣದಿಂದ ಮೂವರು ಜ್ಞಾನಿಗಳು ಕಾಣಿಕೆ ತಂದುದನ್ನು ನೆನೆಯುವುದು ಜನವರಿ 6ಕ್ಕೆ. ನಮ್ಮ ಹಬ್ಬವೂ ಅಂದೇ" ಎಂದಳು. ಹಳಬರು ಹನ್ನೆರಡು ದಿನದ ಹಬ್ಬ ಇಟ್ಟದ್ದು ನಮ್ಮಂಥವರಿಗೇ ಅನುಕೂಲವಾಯಿತು. ಕರಿದ ತಿಂಡಿ ಡಬ್ಬಿಯಲ್ಲಿ ಕಾದಿತ್ತು. ಜನವರಿ 6ರಂದು ಮನೆಯಲ್ಲಿ ಕ್ರಿಸ್‌ಮಸ್ ನಡೆಯಿತು. ತಾರೀಖಿಗೆ ಮಗು ಹೊಂದಬೇಕಿಲ್ಲ, ಮಗುವಿಗೆ ತಾರೀಖು ಹೊಂದಿದರಾಯಿತು.

2023ರ ಡಿಸೆಂಬರ ಮೊದಲ ವಾರ ಕಡೆಯ ಗುಳಿಗೆ ನುಂಗಿದಳು. ಅನೇಕ ಆಸ್ಪತ್ರೆಗಳಲ್ಲಿ ಈಗ ಚಿಕಿತ್ಸೆ ಮುಗಿದ ದಿನ ಗಂಟೆ ಬಾರಿಸುವ ರೂಢಿಯಿದೆ. ಅಮೆರಿಕದ ಹ್ಯೂಸ್ಟನ್ ನಗರದ ಎಂ. ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ 1996ರಲ್ಲಿ ನೌಕಾಪಡೆಯ ಅಧಿಕಾರಿ ಅರ್ವ್ ಲೆ ಮೊಯ್ನ್ ಎಂಬವರು ಚಿಕಿತ್ಸೆ ಮುಗಿಸಿ ಹಿತ್ತಾಳೆಯ ಗಂಟೆ ಬಾರಿಸಿದರು. ಕೆಲಸ ಮುಗಿದಾಗ ಗಂಟೆ ಬಾರಿಸುವುದು ನೌಕಾಪಡೆಯ ಪದ್ಧತಿಯಂತೆ. ಗುಡಿಗೂ ಇಗರ್ಜಿಗೂ ಗಂಟೆ ಕಟ್ಟಿದ ನಮಗೆ ಇದು ಪರಕೀಯವೇನಲ್ಲ. ನನ್ನ ಮಗಳೂ ಬಾರಿಸಿದಳು. ಆದರೆ ಅದೇ ಗೋಡೆಯ ಆಚೆ, ಗಂಟೆ ಬಾರಿಸುವ ದಿನ ಬರಲಾರದ ಮಕ್ಕಳೂ ಮಲಗಿದ್ದರು. ಅವರ ತಾಯಂದಿರು ಬಾಗಿಲಿಗೆ ಬಂದು ನಿಂತು ನಮ್ಮ ಮಗುವಿಗೆ ಚಪ್ಪಾಳೆ ತಟ್ಟಿದರು. ಅಂಥ ದೊಡ್ಡ ಮನಸ್ಸನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಮಗು ಉಳಿದುದು ನಮ್ಮ ಪುಣ್ಯದಿಂದ, ಉಳಿಯದಿದ್ದುದು ಅವರ ಪಾಪದಿಂದ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲಿಯೇ ನಿಲ್ಲಿಸಿರಿ. ಮಗುವನ್ನು ಕಳಕೊಂಡ ಮನೆಗೆ ಹಬ್ಬದ ದಿನ ತಪ್ಪದೆ ಹೋಗಿರಿ. ಆ ಮಗುವಿನ ಹೆಸರು ಹೇಳಿ ಮಾತಾಡಿರಿ. ಹೆಸರು ಎತ್ತಿದರೆ ದುಃಖವಾದೀತೆಂದು ನಾವು ಸುಮ್ಮನಿರುತ್ತೇವೆ. ಯಾರೂ ಎತ್ತುವುದಿಲ್ಲವಲ್ಲ ಎಂಬುದೇ ಅವರ ದುಃಖ.

ಆ ಸಲದ ಹಬ್ಬಕ್ಕೆ ನಾವು ಕ್ಯಾಂಪಿಗೆ ಹೋದೆವು. ನಮ್ಮ ಪುಣೆಯ ಒಂದು ವಿಶೇಷವನ್ನು ಮಕ್ಕಳಿಗೆ ತೋರಿಸಿದೆ. ನಾನಾ ಪೇಠೆಯ ಕ್ವಾರ್ಟರ್ ಗೇಟಿನ ಹತ್ತಿರದ ಸಿಟಿ ಚರ್ಚು ನಿಂತ ನೆಲವನ್ನು 1790ರ ದಶಕದಲ್ಲಿ ಕೊಟ್ಟವರು ಸವಾಯಿ ಮಾಧವರಾವ್ ಪೇಶ್ವೆಯವರು. ಬ್ರಾಹ್ಮಣ ಪೇಶ್ವೆ ಕೊಟ್ಟ ಜಾಗದಲ್ಲಿ ಇನ್ನೂರು ವರ್ಷಗಳ ಮೇಲೆಯೂ ಕ್ರಿಸ್‌ಮಸ್ಸಿನ ಗಂಟೆ ಬಾರಿಸುತ್ತದೆ. ನಮ್ಮ ಕರಾವಳಿಯ ಕಥೆಯೂ ಅಂಥದೇ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಫಾದರ್ ಮುಲ್ಲರ್ ಮದ್ದು ಕೊಡಲು ಕುಳಿತರು. 1923ರಲ್ಲಿ ಸ್ವಿಸ್ ದೇಶದ ವೈದ್ಯೆ ಈವಾ ಲೊಂಬಾರ್ಡ್ ಉಡುಪಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಮಿಷನ್ ಆಸ್ಪತ್ರೆ ತೆರೆದರು. ಇಲ್ಲಿ ಕುಳಿತ ಉಡುಪಿಯವರಲ್ಲಿ ಎಷ್ಟೋ ಮಂದಿ ಹುಟ್ಟಿದ್ದು ಅಲ್ಲಿಯೇ. ಮಗುವಿನ ಪ್ರಾಣಕ್ಕೆ ಯಾವ ಮತ, ಯಾವ ದೇಶ?

ಈಗ ನಾಲ್ಕು ವ್ಯಾವಹಾರಿಕ ಮಾತು. ಮೊದಲನೆಯದು ಊಟ. ಚಿಕಿತ್ಸೆಯಲ್ಲಿರುವ ಮಗುವಿಗೆ ಏನು ಕೊಡಬಹುದೆಂದು ಹೋಟೆಲಿನವರಾದ ನಮಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಆವಿಯಲ್ಲಿ ಬೆಂದು ಆಗಲೇ ಇಳಿಸಿದ ಇಡ್ಲಿಯಂಥ ಆಹಾರ ಬೇರೆಯಿಲ್ಲ. ಮಧ್ಯಾಹ್ನದ ಚಟ್ನಿ ರಾತ್ರಿಗೆ ಬೇಡ. ಕೊಯ್ದು ತೆರೆದಿಟ್ಟ ಹಣ್ಣು, ಬೀದಿಯ ಪಾನೀಪುರಿ, ಹೊರಗೆ ಬಹಳ ಹೊತ್ತು ಇದ್ದ ಕ್ರೀಮಿನ ಕೇಕು ಬೇಡ. ಚೆನ್ನಾಗಿ ಬೆಂದ ಸಾದಾ ಕೇಕು, ಮನೆಯಲ್ಲಿ ಕೈ ತೊಳೆದು ಕರಿದ ತಿಂಡಿ ಕೊಡಬಹುದು. ಕುದಿಸಿ ಆರಿಸಿದ ನೀರು. ಉಳಿದುದನ್ನು ನಿಮ್ಮ ಡಾಕ್ಟರರನ್ನು ಕೇಳಿರಿ.

ಎರಡನೆಯದು ಬರುವ ನೆಂಟರು. ಕೆಮ್ಮು ನೆಗಡಿ ಇದ್ದವರು, ಮನೆಯಲ್ಲಿ ದಡಾರ ಅಥವಾ ಸೀತಾಳೆ ಸಿಡುಬು ಎದ್ದವರು ಬರಬಾರದು. ನಮಗೆ ಇದು ಸಾದಾ ಬೇನೆ, ಆ ಮಗುವಿಗೆ ಪ್ರಾಣಕ್ಕೆ ಬರುವಂಥದು. "ಈ ವಾರ ಬೇಡಿ ಮಾಮ, ಬರುವ ವಾರ ಬನ್ನಿ" ಎಂದರೆ ಮರ್ಯಾದೆಗೇನೂ ಕುಂದಿಲ್ಲ. ಬಂದವರು ಮಗುವಿನ ಎದುರು "ಅಯ್ಯೋ ಪಾಪ, ಹೇಗಿದ್ದವಳು ಹೇಗಾದಳು" ಎನ್ನುವುದನ್ನು ಬಿಡಬೇಕು. ಮಗುವಿಗೆ ಕಿವಿಯಿದೆ. ಚಿಕಿತ್ಸೆಗೋಸ್ಕರ ತಪ್ಪಿದ ಲಸಿಕೆಗಳನ್ನು ಯಾವಾಗ ಹಾಕಿಸಬೇಕೆಂಬುದನ್ನೂ ಮುಕ್ತಾಯದ ಹೊತ್ತಿಗೆ ಕೇಳಿ ಬರೆದುಕೊಳ್ಳಿರಿ.

ಮೂರನೆಯದು ಹಣ. ಸಾಲ ಮಾಡಿ ಹಬ್ಬ ಮಾಡಿದರೆ ಆ ಸಾಲ ಮುಂದಿನ ತಿಂಗಳ ಗುಳಿಗೆಯನ್ನು ತಿನ್ನುತ್ತದೆ. ನಮ್ಮ ಹಕ್ಕಿನದನ್ನು ನಾವು ಮೊದಲು ಪಡೆಯೋಣ. ಕಾರ್ಮಿಕರ ರಾಜ್ಯ ವಿಮೆಯ ಶಾಸನವಾದದ್ದು 1948ರಲ್ಲಿ. 1952ರ ಫೆಬ್ರವರಿ 24ರಂದು ಕಾನ್ಪುರ ದಿಲ್ಲಿಗಳಲ್ಲಿ ಅದು ಜಾರಿಗೆ ಬಂತು. 2017ರಲ್ಲಿ ಪಗಾರದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. 2019ರ ಜುಲೈಯಲ್ಲಿ ವಂತಿಗೆಯನ್ನು ತಗ್ಗಿಸಿ, ನೂರು ರೂಪಾಯಿ ಪಗಾರಕ್ಕೆ ನಮ್ಮದು ಮುಕ್ಕಾಲು ರೂಪಾಯಿ, ಮಾಲಕರದು ಮೂರೂಕಾಲು ರೂಪಾಯಿ ಎಂದು ಗೊತ್ತುಮಾಡಿದರು. ಆ ಮುಕ್ಕಾಲು ರೂಪಾಯಿಯಲ್ಲಿ ಹೆಂಡತಿ ಮಕ್ಕಳ ಚಿಕಿತ್ಸೆಯೂ ಸೇರಿದೆ. ನನ್ನ ಹೆಸರು ಪಟ್ಟಿಯಲ್ಲಿದ್ದುದರಿಂದಲೇ ನನ್ನ ಮಗಳ ಮದ್ದು ನಡುವೆ ನಿಲ್ಲಲಿಲ್ಲ. ಹೆಸರು ಇದೆಯೋ ಇಲ್ಲವೋ ಎಂದು ನಾಳೆಯೇ ಗಲ್ಲಾದಲ್ಲಿ ಕೇಳಿರಿ. ಕಾಯಿಲೆ ಬಂದ ಮೇಲೆ ಕೇಳುವುದಲ್ಲ. ಮಹಾರಾಷ್ಟ್ರ ಸರಕಾರದ ಜನಾರೋಗ್ಯ ಯೋಜನೆ 2012ರಲ್ಲಿ ಎಂಟು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ರಾಜ್ಯಕ್ಕೆಲ್ಲ ಬಂತು. ಈಗ ಅದಕ್ಕೆ ಮಹಾತ್ಮಾ ಫುಲೆಯವರ ಹೆಸರಿದೆ. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ ಬಂತು. ರೇಶನ್ ಕಾರ್ಡು, ಆಧಾರ ಜೊತೆಗಿಟ್ಟುಕೊಂಡು, ಯೋಜನೆಗೆ ಸೇರಿದ ಆಸ್ಪತ್ರೆಯ "ಆರೋಗ್ಯಮಿತ್ರ"ನನ್ನು ಕಾಣಿರಿ. ಇನ್ನೊಂದು, ಧರ್ಮಾದಾಯ ಟ್ರಸ್ಟಿನ ದೊಡ್ಡ ಆಸ್ಪತ್ರೆಗಳು ನೂರರಲ್ಲಿ ಹತ್ತು ಹಾಸಿಗೆ ನಿರ್ಗತಿಕರಿಗೆ ಪುಕ್ಕಟೆಯಾಗಿ, ಇನ್ನು ಹತ್ತು ಕಡಮೆ ವರಮಾನದವರಿಗೆ ರಿಯಾಯಿತಿಯಲ್ಲಿ ಕೊಡಬೇಕೆಂದು ಮುಂಬಯಿ ಹೈಕೋರ್ಟಿನ 2006ರ ಯೋಜನೆ ಹೇಳುತ್ತದೆ. ಇದು ಭಿಕ್ಷೆಯಲ್ಲ. ಕೇಳಲು ನಾಚಬೇಕಾದುದಿಲ್ಲ.

ನಾಲ್ಕನೆಯದು, ನಾವು ಒಬ್ಬರಿಗೊಬ್ಬರು ಆಗುವುದು. ಮಗಳಿಗೆ ರಕ್ತ ಬೇಕಾದಾಗ ನನ್ನ ಜೊತೆಯ ಸಪ್ಲಾಯರುಗಳು, ಪಾತ್ರೆ ತೊಳೆಯುವ ಹುಡುಗರು ಪಾಳಿ ಮುಗಿಸಿ ಸಾಲಾಗಿ ಬಂದು ಕೈ ನೀಡಿದರು. ಹದಿನೆಂಟು ತುಂಬಿದ ಆರೋಗ್ಯವಂತ ಗಂಡಸು ಮೂರು ತಿಂಗಳಿಗೊಮ್ಮೆ, ಹೆಂಗಸು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ನನ್ನ ಪಾಳಿಯನ್ನು ಬೈಂದೂರಿನ ಒಬ್ಬ ಗೆಳೆಯ ತಿಂಗಳುಗಟ್ಟಲೆ ಹೊತ್ತ. ಹಿಂದೆ ಗಿರಣಿಗಳಲ್ಲಿ ದುಡಿದ ಹಿರಿಯರಿಗೆ ಇದು ಹೊಸತಲ್ಲ. ಒಬ್ಬನ ಮನೆಯ ಕಷ್ಟಕ್ಕೆ ಇಡೀ ಖಾತೆಯೇ ಮಗ್ಗ ನೋಡಿಕೊಂಡ ದಿನಗಳನ್ನು ಅವರು ಕಂಡಿದ್ದಾರೆ. ಮುಂಬಯಿಯ ಪರಳದಲ್ಲಿ ಟಾಟಾ ಆಸ್ಪತ್ರೆಯ ಹೊರಗಿನ ಫುಟ್‌ಪಾಥಿನ ಮೇಲೆ ಕಾಯಿಲೆಯ ಮಕ್ಕಳನ್ನು ಮಡಿಲಲ್ಲಿಟ್ಟು ಮಲಗುವ ಕುಟುಂಬಗಳನ್ನು ನೀವು ನೋಡಿರಬಹುದು. ಅಂಥವರಿಗಾಗಿ ದಾದರಿನಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆಯಿದೆ. 2006ರಿಂದ ಸೇಂಟ್ ಜೂಡ್ ಇಂಡಿಯಾ ಎಂಬ ಸಂಸ್ಥೆ ಕ್ಯಾನ್ಸರಿನ ಮಕ್ಕಳ ಕುಟುಂಬಗಳಿಗೆ ಪುಕ್ಕಟೆ ವಸತಿ ಕೊಡುತ್ತಿದೆ. ಹಾಗಿದ್ದರೂ ಜಾಗ ಸಾಲದು. ಬೆತ್ಲೆಹೇಮಿನಲ್ಲಿ ತುಂಬುಬಸುರಿಗೆ ತಂಗಲು ಕೋಣೆ ಸಿಗದೆ, ಹುಟ್ಟಿದ ಮಗುವನ್ನು ದನಗಳ ಮೇವಿನ ತೊಟ್ಟಿಯಲ್ಲಿ ಮಲಗಿಸಿದ ಕಥೆಯನ್ನು ಕ್ರಿಸ್‌ಮಸ್ಸಿನಲ್ಲಿ ಓದುತ್ತೇವೆ. ಆ ಕಥೆಯನ್ನು ಯಾರಿಗಿಂತಲೂ ಮೊದಲು ಹೋಟೆಲಿನವರು ಕೇಳಿಸಿಕೊಳ್ಳಬೇಕು. ಜಾಗವಿಲ್ಲ ಎನ್ನುವವರೂ ನಾವೇ, ಮನಸ್ಸು ಮಾಡಿದರೆ ಒಂದು ಮೂಲೆ ತೆರವು ಮಾಡಬಲ್ಲವರೂ ನಾವೇ.

ಆದುದರಿಂದ ಸಂಘದ ಮುಂದೆ ನನ್ನ ಎರಡು ಬಿನ್ನಹ. ಊರಿನಿಂದ ಮಗುವಿನ ಚಿಕಿತ್ಸೆಗೆಂದು ಪುಣೆಗೆ ಬಂದ ಕನ್ನಡ ಕುಟುಂಬಕ್ಕೆ ದಿನಕ್ಕೆರಡು ಸಲ ಬಿಸಿ ಊಟ ಕಳಿಸುವ ಏರ್ಪಾಡು ನಮ್ಮ ಹೋಟೆಲುಗಳಿಂದಲೇ ಆಗಲಿ. ಒಂದು ಡಬ್ಬಿ ಕಟ್ಟುವುದು ನಮಗೆ ದೊಡ್ಡದಲ್ಲ. ಎರಡನೆಯದು, ಚಿಕಿತ್ಸೆ ನಡೆಯುತ್ತಿರುವ ಮಕ್ಕಳ ಆಸ್ಪತ್ರೆಯ ತಾರೀಖುಗಳನ್ನು ಸಂಘದಲ್ಲಿ ಒಬ್ಬರು ಬರೆದಿಟ್ಟುಕೊಂಡು, ಮುನ್ನಾದಿನ ತಂದೆಗೆ ನೆನಪು ಮಾಡಲಿ. ಪಾಳಿ ಬದಲಿಸಿ ಕೊಡಲಿ. ಒಂದು ತಾರೀಖು ತಪ್ಪದಂತೆ ನೋಡಿಕೊಂಡರೆ ಅದೇ ದೊಡ್ಡ ಕಾಣಿಕೆ.

ನನ್ನ ಮಗಳು ಈಗಲೂ ಗೊತ್ತಾದ ದಿನಗಳಲ್ಲಿ ರಕ್ತ ಪರೀಕ್ಷೆಗೆ ಹೋಗುತ್ತಾಳೆ. ಆ ಹಿಂದಿನ ರಾತ್ರಿ ನಮಗೆ ಇಂದಿಗೂ ನಿದ್ದೆಯಿಲ್ಲ. ಚೆನ್ನಾಗಿದೆ ಎಂದು ವರದಿ ಬಂದ ಸಂಜೆ ಮನೆಯಲ್ಲಿ ಪಾಯಸ ಮಾಡುತ್ತೇವೆ. ಪಂಚಾಂಗದಲ್ಲಿ ಇಲ್ಲದ ಈ ಹಬ್ಬ ವರ್ಷಕ್ಕೆ ಎಷ್ಟು ಸಲ ಬಂದರೂ ನಮಗೆ ಬೇಸರವಿಲ್ಲ.

ನಿಮ್ಮ ಮಕ್ಕಳು ಆರೋಗ್ಯವಾಗಿ ಬೆಳೆಯಲಿ. ಚಿಕಿತ್ಸೆಯಲ್ಲಿರುವ ಮಕ್ಕಳ ಕೊನೆಯ ಗುಳಿಗೆಯ ದಿನ ಬೇಗ ಬರಲಿ. ಎಲ್ಲರಿಗೂ ಕ್ರಿಸ್‌ಮಸ್ಸಿನ ಮತ್ತು ಹೊಸ ವರ್ಷದ ಶುಭಾಶಯಗಳು.